ಏಳು ಸರ್ಕಾರಿ ಕಲ್ಲು

ನಮ್ಮಕ್ಕ ಶಾವಂತ್ರಿಗೆ ತೂಕವಿರಲಿಲ್ಲ. ಡಿ.ಎಡ್. ಮುಗಿಸಿ ಮನೆಗೆ ಬಂದಾಗ ಇತ್ತು. ಮೊದಲನೆಯ ಅರ್ಜಿಗೆ ಉತ್ತರ ಬಾರದಿದ್ದಾಗ ಅವಳ ಹಿಮ್ಮಡಿ ನೆಲ ಬಿಟ್ಟಿತು. ಶಿಕ್ಷಕರ ನೇಮಕಾತಿಯ ಪಟ್ಟಿ ಬಂದು, ಅದಕ್ಕೆ ತಡೆಯಾಜ್ಞೆ ಬಂದು, ಕೊನೆಗೆ ಪಟ್ಟಿಯೇ ರದ್ದಾದ ವರ್ಷ ಹೆಬ್ಬೆರಳೂ ಬಿಟ್ಟಿತು. ಅಂಗನವಾಡಿ, ಅಂಚೆ ಕಚೇರಿ, ಒಂದು ಖಾಸಗಿ ಶಾಲೆಯಲ್ಲಿ ಆಯಾ, ಹೀಗೆ ಒಂದೊಂದು ಅರ್ಜಿಗೂ ಒಂದಿಷ್ಟು ಹೋಗುತ್ತ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಅವಳು ರಾತ್ರಿ ನಮ್ಮ ಮನೆಯ ತಗಡಿನ ಮಾಡಿಗೆ ಬೆನ್ನು ಹಚ್ಚಿ ಮಲಗುವಂತಾಗಿದ್ದಳು. ಅವ್ವ ಹೊದೆಯುವ ಕೌದಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ಮೇಲಕ್ಕೆ ಕೊಡುತ್ತಿದ್ದಳು. ಬೇಸಿಗೆಯ ಮಧ್ಯಾಹ್ನ ತಗಡು ಕಾಯುತ್ತಿದ್ದರಿಂದ ಆಗ ಮಾತ್ರ ಅವಳನ್ನು ಮಂಚದ ಕಾಲಿಗೆ ಕಟ್ಟುತ್ತಿದ್ದೆವು.

ಅರ್ಜಿ ಹಾಕದವರಿಗೆ ನಮ್ಮೂರಲ್ಲಿ ಏನೂ ಆಗುತ್ತಿರಲಿಲ್ಲ. ಕಟ್ಟೆಯ ಮೇಲೆ ಇಸ್ಪೀಟು ಆಡುವವರು, ಅಪ್ಪನ ಅಂಗಡಿಯ ಗಲ್ಲೆಯಲ್ಲಿ ಕೂತವರು, ಏನನ್ನೂ ಕೇಳದವರು, ಬೇವಿನ ಮರದ ಹಾಗೆ ನೆಲಕ್ಕೆ ಗಟ್ಟಿಯಾಗಿ ನಿಂತಿರುತ್ತಿದ್ದರು. ಕೆಲಸ ಕೇಳಿ ಸಿಗದವರು ಮಾತ್ರ ಹಗುರಾಗುತ್ತಿದ್ದರು. "ಅರ್ಜಿ ಹಾಕಬ್ಯಾಡ ಅಂತ ಬಡಕೊಂಡೆ" ಎಂದು ಅವ್ವ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳು ನಡೆದರೆ ಅಂಗಳದ ಮಣ್ಣು ಕುಸಿಯುತ್ತಿತ್ತು.

ಊರು ಇದಕ್ಕೆಲ್ಲ ಹೊಂದಿಕೊಂಡಿತ್ತು. ಬಸ್ಸಿನಲ್ಲಿ ಹಗುರಾದವರಿಗೆಂದು ಸೀಟಿನ ಕೆಳಗೆ ಕೊಕ್ಕೆ ಇರುತ್ತಿತ್ತು. ಹಜಾಮರ ಅಂಗಡಿಯಲ್ಲಿ ಕುರ್ಚಿಗೆ ಬೆಲ್ಟು. ಹೆಣ್ಣು ನೋಡಲು ಬಂದವರು ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಹಿಂದಿನ ಸರ್ಕಾರ ಪೇಟೆಯ ಬೀದಿಗಳ ಮೇಲೆ ಬಲೆ ಕಟ್ಟಿಸಿತ್ತು. ಅದರ ತುಂಬ ಗಾಳಿಪಟ, ಪ್ಲಾಸ್ಟಿಕ್ ಚೀಲ, ಆಗೊಮ್ಮೆ ಈಗೊಮ್ಮೆ ಒಬ್ಬ ಪದವೀಧರ ಸಿಕ್ಕಿಕೊಂಡಿರುತ್ತಿದ್ದ. ಈ ಸರ್ಕಾರ ಬಂದ ಮೇಲೆ ಬಲೆ ಹಳೆಯ ಚಿಂತನೆ ಎಂದಾಯಿತು. ಭಾರ ಇಲಾಖೆ ಎಂಬುದು ಹುಟ್ಟಿತು. ಯುವ ಭಾರ ಯೋಜನೆ ಬಂತು.

ಯೋಜನೆ ಸರಳವಾಗಿತ್ತು. ಹದಿನೆಂಟರಿಂದ ಮೂವತ್ತರೊಳಗಿನ ನಿರುದ್ಯೋಗಿಗಳಿಗೆ ಅವರವರ ಹಗುರತನ ನೋಡಿ ಕಲ್ಲು ಕೊಡುವುದು. ಒಂದೊಂದಕ್ಕೂ ಇಲಾಖೆಯ ಮುದ್ರೆ, ಕೆತ್ತಿದ ಸಂಖ್ಯೆ. ಕಲ್ಲು ಇಟ್ಟುಕೊಳ್ಳಲು ಜೇಬುಗಳಿದ್ದ ದಪ್ಪ ಬಟ್ಟೆಯ ನಡುಪಟ್ಟಿ. ಪ್ರತಿ ತಿಂಗಳೂ ಇಲಾಖೆಗೆ ಹೋಗಿ, ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಸಹಿ ಮಾಡಿ ಬರಬೇಕು. ಅಕ್ಕನಿಗೆ ಏಳು ಕಲ್ಲು ಬಂದವು. ಬಿ.ಎ. ಮುಗಿಸಿ ಆಗಷ್ಟೇ ಅರ್ಜಿ ಹಾಕಲು ಶುರು ಮಾಡಿದ್ದ ನನಗೆ ಎರಡು. ಚಹಾದಂಗಡಿಯಲ್ಲಿ ಗಟ್ಟಿ ಕಾಲಿನ ಹಿರಿಯರು ಬೈಯುತ್ತಿದ್ದರು: "ಪುಕ್ಕಟೆ ಕಲ್ಲು ಕೊಟ್ರ ಯಾಂವ ದುಡೀತಾನ? ನಮ್ಮ ಕಾಲಕ್ಕ ಇವೆಲ್ಲಿದ್ವು?"

ಅವರ ಕಾಲಕ್ಕೆ ಕೆಲಸ ಇದ್ದವು ಎಂದು ಯಾರೂ ಹೇಳುತ್ತಿರಲಿಲ್ಲ.

ನಾನು ಪದವಿ ಮುಗಿದ ಮೇಲೂ ಹಾಸ್ಟೆಲ್ಲಿನ ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ನನ್ನ ಗೆಳೆಯ ರೇವಣನೂ ಇರುತ್ತಿದ್ದ. ನನಗಿಂತ ಮೂರು ವರ್ಷ ದೊಡ್ಡವನು, ನನಗಿಂತ ಮೂರು ಕಲ್ಲು ಹೆಚ್ಚಿನವನು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಓದುವವರೆಲ್ಲ ಕಾಲನ್ನು ಮೇಜಿನ ಅಡ್ಡಪಟ್ಟಿಗೆ ಸಿಕ್ಕಿಸಿಕೊಂಡು ಓದುತ್ತಿದ್ದರು. ರೇವಣ ಕಾನೂನಿನ ಒಂದು ದಪ್ಪ ಸಂಪುಟವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅದನ್ನು ಅವನು ಒಮ್ಮೆಯೂ ತೆರೆದದ್ದಿಲ್ಲ. "ಕಾನೂನಿಗೆ ಇಷ್ಟು ತೂಕ ಐತಿ ಅಂತ ಇಲ್ಲಿ ಬಂದ ಮ್ಯಾಲ ಗೊತ್ತಾತು ನೋಡು" ಎನ್ನುತ್ತಿದ್ದ. ಗ್ರಂಥಪಾಲಕರಿಗೂ ಅದು ಗೊತ್ತಿತ್ತು. ದಪ್ಪ ಪುಸ್ತಕಗಳನ್ನು ಅವರು ಹಗುರಾದವರಿಗೆ ಕಾದಿರಿಸುತ್ತಿದ್ದರು.

ಸ್ವಂತ ಭಾರ ಇಟ್ಟುಕೊಳ್ಳುವುದು ಮಾತ್ರ ಹೊರಗೆ ತೋರಿಸುವಂತಿರಲಿಲ್ಲ. ಮನೆಯಲ್ಲಿ ಗುಂಡಕಲ್ಲು ಕಟ್ಟಿಕೊಂಡರೆ, ಜೇಬಿಗೆ ಮರಳು ತುಂಬಿಕೊಂಡರೆ, ಇಲಾಖೆ ಅಂಥವರನ್ನು 'ಸ್ವಾವಲಂಬಿ' ಎಂದು ಗುರುತಿಸಿ ಪಟ್ಟಿಯಿಂದ ಹೆಸರು ತೆಗೆಯುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಲ್ಲೂ ಇಲ್ಲ, ಸಂದರ್ಶನದ ಕರೆಯೂ ಇಲ್ಲ. ನಮ್ಮ ಬೀದಿಯ ಒಬ್ಬ ಹುಡುಗನಿಗೆ ಸ್ವಾವಲಂಬಿ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಕೊಟ್ಟಿದ್ದರು. ಅವನ ತಾಯಿ ಅದನ್ನು ಅವನ ಕಾಲಿಗೆ ಕಟ್ಟಿದಳು. ಚೌಕಟ್ಟಿಗೆ ಸ್ವಲ್ಪ ತೂಕವಿತ್ತು.

ಅಕ್ಕನ ಸಮಸ್ಯೆ ಬೇರೆಯೇ ಇತ್ತು. ದೀಪಾವಳಿ ಕಳೆದರೆ ಅವಳಿಗೆ ಮೂವತ್ತು ತುಂಬುತ್ತಿತ್ತು. ಮೂವತ್ತು ತುಂಬಿದ ದಿನ ಕಲ್ಲು ಹಿಂದಿರುಗಿಸಬೇಕು. ಇಲಾಖೆಯ ಅಧಿಕಾರಿ ಹಂಪಣ್ಣವರ ಎಂಬವರು. ಕೆಟ್ಟ ಮನುಷ್ಯರಲ್ಲ. ಬಂದವರಿಗೆಲ್ಲ ಕುರ್ಚಿ ಕೊಟ್ಟು ಮಾತಾಡಿಸುತ್ತಿದ್ದರು. ಸಹಿಗೆ ಹೋದ ದಿನ ಅಕ್ಕ ಅವರನ್ನು ಕೇಳಿಯೇಬಿಟ್ಟಳು.

"ಸರ್, ಮೂವತ್ತು ಆದ ಮ್ಯಾಲ ನಾವೇನು ಮಾಡಬೇಕ್ರಿ?"

"ನೋಡವ್ವಾ, ಇದು ಯುವ ಭಾರ ಯೋಜನೆ. ಮೂವತ್ತು ಆದ ಮ್ಯಾಲ ನೀವು ಯುವಕರಲ್ಲ."

"ಮೈಗೆ ಅದು ಗೊತ್ತಾಗಬೇಕಲ್ರಿ."

"ಮೈಯಿ ನಮ್ಮ ಇಲಾಖೆಗೆ ಬರೂದಿಲ್ಲ. ಆರೋಗ್ಯ ಇಲಾಖೆಗೆ ಬರತೈತಿ" ಎಂದರು ಹಂಪಣ್ಣವರ. ಹಾಸ್ಯ ಮಾಡಿದ್ದಲ್ಲ. ಫೋನು ಎತ್ತಿ ಆರೋಗ್ಯ ಇಲಾಖೆಗೆ ಕೇಳಿಯೂ ನೋಡಿದರು. ಅಲ್ಲಿ ಊಟಕ್ಕೆ ಹೋಗಿದ್ದರು.

ತರಬೇತಿಗೂ ಕಳಿಸಿದರು. ಆತ್ಮವಿಶ್ವಾಸದ ತರಬೇತಿ, ಅಕ್ಕ ಮತ್ತು ರೇವಣ ಇಬ್ಬರೂ ಹೋಗಿದ್ದರು. ಟೈ ಕಟ್ಟಿದ ಒಬ್ಬ ಯುವಕ ನಿಂತು, ಸಂದರ್ಶನಕ್ಕೆ ಹೋದಾಗ ಹೇಗೆ ನಗಬೇಕು, ಹೇಗೆ ಕೈ ಮುಗಿಯಬೇಕು, ಕಾಲನ್ನು ನೆಲಕ್ಕೆ ಹೇಗೆ ಒತ್ತಿ ನಿಲ್ಲಬೇಕು ಎಂದು ಹೇಳಿಕೊಟ್ಟ. ನಡುವೆ ಅವನ ಕೋಟಿನ ಗುಂಡಿ ಕಿತ್ತು ಹೋಯಿತು. ಒಳಗೆ ಇಲಾಖೆಯ ನಡುಪಟ್ಟಿ ಕಂಡಿತು. "ಸರ, ನಿಮಗ ಎಷ್ಟ ಕೊಟ್ಟಾರ್ರಿ?" ಎಂದು ರೇವಣ ಕೇಳಿದನಂತೆ. "ಆರು" ಎಂದು ಆ ಯುವಕ ಹೇಳಿ, ಮುಂದಿನ ಪಾಠಕ್ಕೆ ಹೋದನಂತೆ.

ಶ್ರಾವಣ ಕಳೆದ ಮೇಲೆ ಉದ್ಯೋಗ ಮೇಳದ ಸುದ್ದಿ ಬಂತು. ಮಂತ್ರಿಗಳು ಬರುತ್ತಾರೆ, ಆಯ್ದ ನಲವತ್ತು ಮಂದಿಗೆ ವೇದಿಕೆಯ ಎದುರೇ ನೌಕರಿಯ ಆದೇಶ ಕೊಡುತ್ತಾರೆ ಎಂದಾಯಿತು. ಹೆಚ್ಚು ಕಲ್ಲು ಇದ್ದವರನ್ನು ಮೊದಲು ತೆಗೆದುಕೊಂಡಿದ್ದರು. ಅಕ್ಕನ ಹೆಸರಿತ್ತು, ರೇವಣನ ಹೆಸರೂ ಇತ್ತು. ಪಟ್ಟಿ ನೋಡಿ ಬಂದ ದಿನ ಅಕ್ಕ ಏಳೂ ಕಲ್ಲನ್ನು ಅಂಗಳಕ್ಕೆ ತಂದು ತೆಂಗಿನ ನಾರಿನಿಂದ ತಿಕ್ಕಿ ತೊಳೆದಳು.

ಅದು ನಮ್ಮೂರ ಪದ್ಧತಿ. ನೌಕರಿ ಸಿಕ್ಕವರು ಕಲ್ಲು ತೊಳೆದು, ಅರಿಸಿನ ಹಚ್ಚಿ, ಎರಡೂ ಕೈಯಿಂದ ಒಪ್ಪಿಸುತ್ತಾರೆ. ಆಮೇಲೆ ಖಾಲಿಯಾದ ಎರಡೂ ಕೈಯಿಂದ ಆದೇಶ ಇಸಿದುಕೊಳ್ಳುತ್ತಾರೆ. ನಡುವಿಗೆ ಕಲ್ಲು ಇಟ್ಟುಕೊಂಡು ಆದೇಶ ಹಿಡಿದರೆ ಆ ನೌಕರಿ ನಿಲ್ಲುವುದಿಲ್ಲ ಎಂದು ನಂಬಿಕೆ. ಆದೇಶ ನಿಜವಿದ್ದರೆ ಕೈಗೆ ಬಂದ ಗಳಿಗೆಯಲ್ಲೇ ಹಿಮ್ಮಡಿ ಊರುತ್ತದೆ. ಇದೆಲ್ಲ ಯಾವಾಗಲೂ ಇಲಾಖೆಯ ಒಳಕೋಣೆಯಲ್ಲಿ, ಮಾಡಿನ ಕೆಳಗೆ ನಡೆಯುತ್ತಿತ್ತು. ಬೆನ್ನ ಹಿಂದೆ ಅಪ್ಪನೋ ಅಣ್ಣನೋ ಹೆಗಲು ಹಿಡಿದು ನಿಂತಿರುತ್ತಿದ್ದ. ಮನೆಗೆ ಬಂದ ಮೇಲೆ ಹೊಸ್ತಿಲಿಗೆ ಜೋಳದ ಹಿಟ್ಟು ಚೆಲ್ಲಿ ಅದರ ಮೇಲೆ ನಡೆಸುತ್ತಿದ್ದರು. ಹಿಟ್ಟಿನಲ್ಲಿ ಪೂರ್ತಿ ಪಾದ ಮೂಡಿದರೆ ಬೀದಿಗೆಲ್ಲ ಸಕ್ಕರೆ. ನಮ್ಮ ಕಡೆ ಹಿರಿಯರು ಹರಸುವುದೂ ಹಾಗೆಯೇ: ಹಿಮ್ಮಡಿ ಮೂಡಲಿ.

ಮೇಳದ ದಿನ ಬೆಳಿಗ್ಗೆ ಅವ್ವ ಖಾನಾವಳಿಗೆ ರಜೆ ಹಾಕಿದ್ದಳು. ಖಾನಾವಳಿಯ ಒಡತಿಯಿಂದ ಒಂದು ಹಸಿರು ಸೀರೆ ಕೇಳಿ ತಂದಿದ್ದಳು. ಅಕ್ಕ ಅದನ್ನು ಉಟ್ಟು, ನಡುಪಟ್ಟಿ ಬಿಗಿದುಕೊಂಡು ನಿಂತಾಗ ಅವ್ವ ಒಳಗಿನಿಂದ ಒಂದು ಗಂಟು ತಂದಳು. ಒಳ್ಳಿನ ಗುಂಡಕಲ್ಲನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿದ್ದಳು.

"ಇದನ್ನ ಚೀಲದಾಗ ಇಟ್ಕೋ. ಯಾರಿಗೂ ಕಾಣೂದಿಲ್ಲ."

"ಯವ್ವಾ, ನಿನಗೇನು ಹುಚ್ಚು ಹಿಡದೈತೇನು? ನೌಕರಿ ಇಸ್ಕೊಳ್ಳಾಕ ಗುಂಡಕಲ್ಲ ಹೊತ್ಕೊಂಡು ಹೋಗ್ಲೇನು?"

"ಬಯಲದಾಗ ಮಾಡಾಕತ್ತಾರಂತ. ಮ್ಯಾಲ ಏನೂ ಇಲ್ಲಂತ."

"ಆದೇಶ ಕೊಡ್ತಾರಲ್ಲ! ಅದು ಕೈಗೆ ಬಂದ ಮ್ಯಾಲ, ತಲಿ ಮ್ಯಾಲ ಏನಿದ್ರೇನು?" ಎಂದು ಅಕ್ಕ ಗಂಟನ್ನು ಕಿತ್ತುಕೊಂಡು ಒಳ್ಳಿನಲ್ಲಿ ಇಟ್ಟಳು. ಮುಂದುವರಿದು ಹೇಳಿದಳು: "ಕಂಡ್ರ ಸ್ವಾವಲಂಬಿ ಅಂತ ಬರೀತಾರ. ಏಳು ವರ್ಷ ಕಾದದ್ದು ಚಟ್ನಿ ಅರಿಯೂ ಕಲ್ಲಿನಿಂದ ಹೋಗೋದು ಬ್ಯಾಡ."

ಅವ್ವ ಹೊಸ್ತಿಲಿನ ಬಳಿ ಹಿಟ್ಟಿನ ಡಬ್ಬಿ ತೆಗೆದಿಟ್ಟು ಬಾಗಿಲು ಹಾಕಿದಳು.

ಅವ್ವನಿಗೆ ಗೊತ್ತಾಗಿದ್ದು ಸರಿಯಾಗಿತ್ತು. ಮೈದಾನದಲ್ಲಿ ಮೊದಲು ಶಾಮಿಯಾನ ಹಾಕಿದ್ದರು. ಮೇಲಿನಿಂದ ಚಿತ್ರ ತೆಗೆಯಲು ತಂದ ಡ್ರೋನಿಗೆ ಜನ ಕಾಣುತ್ತಿಲ್ಲವೆಂದು ಹಿಂದಿನ ದಿನ ಅದನ್ನು ಬಿಚ್ಚಿಸಿದ್ದರು. ವೇದಿಕೆಯ ಮೇಲೆ ಮಾತ್ರ ಉಳಿದಿತ್ತು. ವೇದಿಕೆಯ ಮೇಲಿದ್ದವರಿಗೆಲ್ಲ ನೌಕರಿ ಇತ್ತು. ಎದುರಿನ ಬಯಲಿನಲ್ಲಿ ನಲವತ್ತು ಕುರ್ಚಿಗಳನ್ನು ಸೂರ್ಯನ ಆಕಾರದಲ್ಲಿ ಜೋಡಿಸಿದ್ದರು. ಮನೆಯವರನ್ನು ಗಳ ಕಟ್ಟಿ ದೂರ ನಿಲ್ಲಿಸಿದ್ದರು, ಚಿತ್ರದಲ್ಲಿ ಸೂರ್ಯನ ಅಂಚು ಕೆಡಬಾರದೆಂದು. ಒಂದೊಂದು ಕುರ್ಚಿಯ ಕೆಳಗೂ ರಿಬ್ಬನ್ನು ಕಟ್ಟಿದ ಒಂದೊಂದು ಲಕೋಟೆ.

ಹಂಪಣ್ಣವರ ಮೈಕು ಹಿಡಿದು ಮೂರು ಸಲ ಹೇಳಿದರು. ಸೀಟಿ ಊದುವ ತನಕ ಯಾರೂ ಲಕೋಟೆ ಮುಟ್ಟಬಾರದು. ಸೀಟಿ ಊದಿದ ಕೂಡಲೇ ಎಲ್ಲರೂ ಒಟ್ಟಿಗೇ ನಡುಪಟ್ಟಿ ಬಿಚ್ಚಿ ಎದುರಿಗಿಡಬೇಕು, ಒಟ್ಟಿಗೇ ಲಕೋಟೆ ತೆಗೆದು ಎರಡೂ ಕೈಯಿಂದ ಮೇಲೆತ್ತಿ ಹಿಡಿಯಬೇಕು. "ಒಂದು ಸೆಕೆಂಡು ಹಿಂದ ಮುಂದ ಆಗಬಾರದ್ರೀ. ಡ್ರೋನಿಗೆ ಮತ್ತೊಮ್ಮೆ ಹಾರಾಕ ಬ್ಯಾಟರಿ ಇಲ್ಲ."

ರೇವಣ ಮೂರನೆಯ ಸುತ್ತಿನಲ್ಲಿದ್ದ. ಅವನ ಹೊಟ್ಟೆ ಅಂದು ಯಾಕೋ ದಪ್ಪ ಕಾಣುತ್ತಿತ್ತು. ನಾನು ಕೈಸನ್ನೆಯಲ್ಲೇ ಏನೆಂದು ಕೇಳಿದೆ. ಅವನು ಅಂಗಿಯ ಮೇಲೆ ತಟ್ಟಿ, ಬಾಯಿಯ ಆಕಾರದಲ್ಲೇ 'ಕಾನೂನು' ಎಂದ. ಅಕ್ಕ ತಿರುಗಿ ನಮ್ಮನ್ನು ಹುಡುಕಿದಳು. ಅವ್ವ ಕೈ ಎತ್ತಿದಳು. ಅಕ್ಕ ತನ್ನ ಕಾಲು ತೋರಿಸಿ ನಕ್ಕಳು. ಅವಳು ಹೊಸ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದಳು, ಹಿಮ್ಮಡಿ ಮಣ್ಣಿಗೆ ತಾಗುವುದು ತಪ್ಪಿಹೋಗಬಾರದೆಂದು.

ಮಂತ್ರಿಗಳು ಮಾತಾಡಿದರು. ಯುವಜನರ ಹೆಗಲ ಮೇಲೆ ನಾಡಿನ ಭಾರವಿದೆ ಎಂದರು. ಆಮೇಲೆ ಸೀಟಿ.

ನಲವತ್ತು ನಡುಪಟ್ಟಿ ಒಟ್ಟಿಗೇ ನೆಲಕ್ಕೆ ಬಿದ್ದ ಸದ್ದು ಬಂತು. ನಲವತ್ತು ಲಕೋಟೆ ಮೇಲೆ ಹೋದವು. ಅವುಗಳ ಹಿಂದೆಯೇ ಜನ.

ಯಾರೂ ಮೊದಲಿಗೆ ಕೂಗಲಿಲ್ಲ. ಮೇಲೆ ಹೋಗುತ್ತಿದ್ದವರು ಇನ್ನೂ ಕೈ ಎತ್ತಿಯೇ ಇದ್ದರು, ಹಿಮ್ಮಡಿ ಈಗ ಊರುತ್ತದೆ, ಈಗ ಊರುತ್ತದೆ ಎಂದು ಕಾಯುತ್ತ. ನಿರೂಪಕನಿಗೆ ಇದೂ ಕಾರ್ಯಕ್ರಮದ ಭಾಗವೆನಿಸಿರಬೇಕು. "ಎತ್ತರಕ್ಕೆ, ಇನ್ನೂ ಎತ್ತರಕ್ಕೆ!" ಎಂದು ಮೈಕಿನಲ್ಲಿ ಕೂಗಿದ. ಮಂತ್ರಿಗಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ವೇದಿಕೆಯೆಲ್ಲ ತಟ್ಟಿತು.

ನಾನು ಗಳ ಹಾರಿ ಓಡಿದೆ. ಅಕ್ಕನ ಕಾಲು ಸಿಗಲಿಲ್ಲ, ಸೀರೆಯ ಅಂಚು ಸಿಕ್ಕಿತು. ಹಿಡಿದೆ. ನನ್ನ ಎರಡು ಕಲ್ಲು ಎಲ್ಲಿಗೆ ಸಾಲಬೇಕು? ನನ್ನ ಕಾಲೂ ನೆಲ ಬಿಟ್ಟಿತು. ಹಿಂದೆಯೇ ಓಡಿ ಬಂದ ಅವ್ವ ನನ್ನ ಎರಡೂ ಕಾಲನ್ನು ತಬ್ಬಿ ಹಿಡಿದಳು. ಅವಳು ಮಾತ್ರ ಅಲುಗಲಿಲ್ಲ. ಕೆಳಗೆ ಅವ್ವ, ನಡುವೆ ನಾನು, ಮೇಲೆ ಅಕ್ಕ. ಸ್ವಲ್ಪ ಹೊತ್ತು ಹಾಗೆಯೇ ಇದ್ದೆವು.

"ಬಿಡೋ ಮೈಲಾರಿ, ಸೀರಿ ಹರೀತೈತಿ" ಎಂದಳು ಅಕ್ಕ.

"ಹರೀಲಿ ತಗೋ!"

"ನಮ್ಮದಲ್ಲೋ ಅದು."

ಬಟ್ಟೆ ಹರಿಯುವ ಸದ್ದು ಅವಳಿಗೂ ಕೇಳಿತು, ನನಗೂ ಕೇಳಿತು. ಅವಳು ಲಕೋಟೆಯ ರಿಬ್ಬನ್ನು ಹಲ್ಲಿನಿಂದ ಬಿಚ್ಚಿ ಒಳಗಿನ ಹಾಳೆ ತೆಗೆದಳು. ಓದಿಕೊಂಡಳು. ಆಮೇಲೆ ನಮಗೂ ಓದಿ ಹೇಳಿದಳು. ಅವಳದು ಹಿಂದಿನ ಬೆಂಚಿಗೂ ಮುಟ್ಟುವ ದನಿ, ಒಂದು ತರಗತಿಗೂ ಸಿಗದೆ ಹಾಗೇ ಉಳಿದಿತ್ತು. "ಹುದ್ದೆ ಮಂಜೂರಾದ ಕೂಡಲೇ ತಮಗೆ ತಿಳಿಸಲಾಗುವುದು! ಕೇಳಿಸ್ತೇನ್ ಯವ್ವಾ? ತಿಳಿಸಲಾಗುವುದು!"

ಸೀರೆಯ ಅಂಚು ನನ್ನ ಕೈಯಲ್ಲಿ ಉಳಿಯಿತು. ನಾನು ಅವ್ವನ ಮೇಲೆ ಬಿದ್ದೆ. ಎದ್ದು ನೋಡುವ ಹೊತ್ತಿಗೆ ಹಸಿರು ಬಣ್ಣವನ್ನು ಉಳಿದ ಬಣ್ಣಗಳಿಂದ ಬೇರೆ ಮಾಡಲು ಆಗಲಿಲ್ಲ.

ಕೆಲವರು ಉಳಿದರು. ಧ್ವನಿವರ್ಧಕದ ಕಂಬ ಹಿಡಿದವರು, ವೇದಿಕೆಯ ಹಗ್ಗಕ್ಕೆ ಸಿಕ್ಕವರು, ಮನೆಯವರು ಹಾರಿ ಕಾಲು ಹಿಡಿದವರು. ರೇವಣ ಒಂದಾಳೆತ್ತರದಲ್ಲಿ ತೇಲುತ್ತ ನಿಂತಿದ್ದ, ಹೊಟ್ಟೆಯಲ್ಲಿ ಕಾನೂನಿನ ಸಂಪುಟ. ಅವನನ್ನು ಕೆಳಗೆ ಎಳೆದುಕೊಂಡ ಮೇಲೆ ಇಲಾಖೆಯವರು ಮೊದಲು ಅಂಗಿ ಎತ್ತಿಸಿ ನೋಡಿದರು. ಮರುದಿನವೇ ಅವನ ಹೆಸರು ಪಟ್ಟಿಯಿಂದ ಹೋಯಿತು. ಚೌಕಟ್ಟು ಹಾಕಿಸಿದ ಪ್ರಮಾಣಪತ್ರ ವಾರದೊಳಗೆ ಬಂತು. ಗ್ರಂಥಾಲಯದ ಮೇಜಿಗೆ ಕಾಲು ಸಿಕ್ಕಿಸಿಕೊಂಡು ಅವನು ಅದನ್ನು ನನಗೆ ತೋರಿಸಿದ. "ಹಿಂದ ರಟ್ಟು ಹಾಕ್ಯಾರಲೇ. ಕಟ್ಟಿಗಿ ಹಾಕಿದ್ರ ಉಪಯೋಗಕ್ಕ ಬರ್ತಿತ್ತು" ಎಂದ. ಎಂದಿನಂತೆ ನಗಲಿಲ್ಲ.

ಡ್ರೋನಿನ ಚಿತ್ರ ಚೆನ್ನಾಗಿ ಬಂದಿತ್ತು. ಜನ ಅದರ ಹತ್ತಿರವೇ ಹಾದು ಹೋಗಿದ್ದರಿಂದ ಮುಖಗಳೂ ಸ್ಪಷ್ಟವಾಗಿದ್ದವು. ಇಲಾಖೆಯ ಪ್ರಕಟಣೆಯಲ್ಲಿ ಆ ತಿಂಗಳು ನಿರುದ್ಯೋಗಿಗಳ ಸಂಖ್ಯೆ ಕಡಿಮೆಯಾಗಿತ್ತು. ಅದು ಸುಳ್ಳಲ್ಲ. ಹೋದವರು ಯಾರೂ ಸಹಿ ಮಾಡಲು ಬರಲಿಲ್ಲ. ಕೆಲಸ ಸಿಕ್ಕಿಲ್ಲ ಎಂದು ಸಹಿ ಮಾಡದವರಿಗೆ ಕೆಲಸ ಸಿಕ್ಕಿದೆ ಎಂದೇ ನಿಯಮ.

ಹಂಪಣ್ಣವರ ನಮ್ಮ ಮನೆಗೆ ತಾವೇ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆಯ ಮೇಲೆ ಕೂತು, ಮಾಡಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅಲ್ಲಿ ಅಕ್ಕನ ಕೌದಿ ಇನ್ನೂ ಮೊಳೆಗೆ ಸಿಕ್ಕಿ ನೇತಾಡುತ್ತಿತ್ತು. ಅನುಕಂಪದ ಆಧಾರದ ಮೇಲೆ ಮನೆಯ ಒಬ್ಬರಿಗೆ ಇಲಾಖೆಯಲ್ಲೇ ಕೆಲಸ ಕೊಡುತ್ತೇವೆ ಎಂದರು. ಕಲ್ಲಿನ ಉಗ್ರಾಣ ನೋಡಿಕೊಳ್ಳುವ ಕೆಲಸ. ಖಾಯಂ.

"ಆದೇಶದಾಗ ಏನು ಬರದೈತಿ, ಓದಿ ಹೇಳ್ರಿ" ಎಂದಳು ಅವ್ವ.

ಅವರು ಪೂರ್ತಿ ಓದಿದರು. ಕೊನೆಯ ಮುದ್ರೆಯವರೆಗೂ.

"ಮೊದಲ ಆ ಹಾಳಿ ಕೊಡ್ರಿ ಅವನ ಕೈಯಾಗ. ಕಲ್ಲು ಆಮ್ಯಾಲ" ಎಂದಳು. ಪದ್ಧತಿ ತಲೆಕೆಳಗಾಗುತ್ತದೆ ಎಂದು ಹಂಪಣ್ಣವರ ಹೇಳಲಿಲ್ಲ. ಕೊಟ್ಟರು. ಅವ್ವ ನನ್ನ ಹೆಗಲು ಹಿಡಿದುಕೊಂಡಿದ್ದಳು. ನಾನು ನಡುಪಟ್ಟಿ ಬಿಚ್ಚಿದೆ. ಕಾಲು ಊರಿಯೇ ಇತ್ತು.

ಅವರು ಹೋದ ಮೇಲೆ ಅವ್ವ ಹೊಸ್ತಿಲಿನ ಬಳಿ ಅಂದಿನಿಂದ ಹಾಗೇ ಇದ್ದ ಹಿಟ್ಟಿನ ಡಬ್ಬಿ ತೆರೆದು ಚೆಲ್ಲಿದಳು. ನಾನು ನಡೆದೆ. ಬೆರಳು, ಅಂಗಾಲು, ಹಿಮ್ಮಡಿ, ಎಲ್ಲ ಮೂಡಿತು. ಅವ್ವ ಬಗ್ಗಿ ನೋಡಿದಳು. "ಮೂಡೇತಿ" ಎಂದಳು. ಕಸಬರಿಗೆ ತಂದು ಗುಡಿಸಿದಳು. ಬೀದಿಗೆ ಸಕ್ಕರೆ ಹಂಚಲಿಲ್ಲ.

ಮೊದಲ ದಿನದ ಕೆಲಸ ಮೈದಾನದಿಂದ ಬಂದ ಕಲ್ಲನ್ನು ಲೆಕ್ಕ ಹಾಕಿ ಒಳಗಿಡುವುದು. ಅವುಗಳ ಮೇಲಿನ ಅರಿಸಿನ ಇನ್ನೂ ಹೋಗಿರಲಿಲ್ಲ. ಅಕ್ಕನ ಏಳೂ ಒಂದೇ ಪಟ್ಟಿಯಲ್ಲಿದ್ದವು, ನಾರಿನಿಂದ ತಿಕ್ಕಿದ ಗೆರೆಗಳ ಸಮೇತ. ಹಂಪಣ್ಣವರ ಬಾಗಿಲಲ್ಲಿ ನಿಂತು ಕೇಳಿದರು: "ಎಲ್ಲಾ ಸರಿ ಅದಾವೇನಪಾ? ಸರ್ಕಾರದ ಆಸ್ತಿ, ಒಂದೂ ಕಡಿಮಿ ಬೀಳಬಾರದು."

"ಕಡಿಮಿ ಏನು ಬಿದ್ದಿಲ್ರಿ" ಎಂದೆ. "ಜನರನ್ನ ಎಲ್ಲಿ ಬರೀಲಿ?"

"ಜನರಿಗೆ ಕಾಲಂ ಇಲ್ಲ" ಎಂದು ಹೇಳಿ ಅವರು ಹೋದರು.

ನಾನು ಬರೆದೆ: ಕಲ್ಲು ಇನ್ನೂರ ಮೂರು, ಎಲ್ಲವೂ ಬಂದಿವೆ. ನಡುಪಟ್ಟಿ ನಲವತ್ತು, ಎಲ್ಲವೂ ಬಂದಿವೆ. ಜನ ಮೂವತ್ತೊಂದು, ಯಾರೂ ಬಂದಿಲ್ಲ.